ಠರಾವಿನ ರುಚಿ

ನಿವೃತ್ತರಾದ ಗಂಡಸರಿಗೆ ಮಲೆನಾಡಿನಲ್ಲಿ ಹವ್ಯಾಸಕ್ಕೆ ಬರವಿಲ್ಲ. ತಾಳಮದ್ದಳೆಯಿದೆ, ಇಸ್ಪೀಟಿದೆ, ಅಡಿಕೆ ರೇಟು ಓದಿ ನಿಟ್ಟುಸಿರು ಬಿಡುವುದಿದೆ. ನನ್ನದು ಠರಾವು. ಪಂಚಾಯ್ತಿ ಕಾರ್ಯದರ್ಶಿಯಾಗಿದ್ದವನು ನಿವೃತ್ತಿಯ ಮೇಲೂ ಠರಾವು ಠರಾವು ಎನ್ನುತ್ತಿದ್ದರೆ ಜನ ಅನುಮಾನದಿಂದ ನೋಡುತ್ತಾರೆ. ಅದೂ ಮಂಡಗದ್ದೆಯ ಜಗಲಿಯಲ್ಲಿ ಕೂತು ನೇಪಾಳದ ಗುಡ್ಡದ ಮೇಲಿನ ಒಂದು ವಾರ್ಡಿನವರಿಗೆ ಹೇಳಿಕೊಡುತ್ತಾನೆ, ಅದೂ ಬಿಟ್ಟಿ ಅಂದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಶನಿವಾರ ಸಂಜೆ ನಮ್ಮ ಬೈಠಕ್. ಅಲ್ಲಿ ವಾರದ ರಜೆ ಶನಿವಾರ; ಗಡಿಯಾರವೂ ನಮ್ಮದಕ್ಕಿಂತ 15 ನಿಮಿಷ ಮುಂದೆ. ಈ ಕಾಲು ಗಂಟೆಯಿಂದಾಗಿ ನಾನು ಎಷ್ಟೇ ಸರಿಯಾದ ಹೊತ್ತಿಗೆ ಫೋನ್ ಹಿಡಿದರೂ ತಡವಾಗಿ ಬಂದವನಂತೆಯೇ ಇರುತ್ತೇನೆ.

ನೆಂಟಸ್ತಿಕೆ ಬೆಳೆದದ್ದು ಬೆಂಗಳೂರಿನಲ್ಲಿರುವ ಮಗಳಿಂದ. ಅವಳ ಆಫೀಸಿನ ಹುಡುಗನೊಬ್ಬನ ಊರು ಅದು. ನೇಪಾಳದಲ್ಲಿ 2015ರ ಸಂವಿಧಾನ ಬಂದ ಮೇಲೆ 753 ಸ್ಥಳೀಯ ಸರ್ಕಾರಗಳಾದವು, 2017ರಲ್ಲಿ ಸುಮಾರು ಇಪ್ಪತ್ತು ವರ್ಷಗಳ ನಂತರ ಸ್ಥಳೀಯ ಚುನಾವಣೆ ನಡೆಯಿತು. ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ಆ ನಾಲ್ವರಲ್ಲಿ ಇಬ್ಬರು ಹೆಂಗಸರು, ಅವರಲ್ಲೊಬ್ಬರು ದಲಿತರು ಆಗಿರಲೇಬೇಕು. ಕೈಗೆ ಅಧಿಕಾರ ಬಂದಿದೆ, ದುಡ್ಡು ಬಂದಿದೆ, ಪುಸ್ತಕ ಬರೆಯುವ ರೂಢಿ ಇನ್ನೂ ಬರಬೇಕು. ಈ ಸ್ಥಿತಿ ನನಗೆ ಚೆನ್ನಾಗಿ ಗೊತ್ತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯ್ತಿಗಳಿಗೂ ಚುನಾವಣೆಯಾದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತ. ನಜೀರ್ ಸಾಬ್ ಮಂತ್ರಿ. ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡಿದ್ದವರು ಅಧಿಕಾರವನ್ನೂ ಹಾಗೇ ಹಳ್ಳಿಗೆ ಹರಿಸಲು ಹೊರಟಿದ್ದರು. ಸೀಟಿನಲ್ಲಿ ಕಾಲುಭಾಗ ಹೆಂಗಸರಿಗೆ. ಸಭೆಗೆ ಬಂದವರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು, ಏಳುವಾಗ ಮಾತ್ರ ಬಾಯಿ ಬಿಡುತ್ತಿದ್ದರು. ಅವರು ಏಳುವಾಗ ಆಡಿದ ಮಾತನ್ನು ಪುಸ್ತಕಕ್ಕೆ ತರುವುದೇ ನನಗೆ ಮೊದಲ ಪಾಠ. ಹಿರಿಯ ಗುಮಾಸ್ತರು ಎಲೆಯಡಿಕೆ ಹಾಕಿಕೊಂಡು ಒಂದೇ ಮಾತು ಹೇಳಿದ್ದರು: ‘ಸಭೆಗೆ ಬಾರದವನಿಗೆ ತಿಳಿಯುವ ಹಾಗೆ ಬರಿ ಮಾರಾಯ, ಬಂದವರಿಗೆ ಹೇಗೂ ಗೊತ್ತಿರ್ತದೆ.’

ನನ್ನ ವಿದ್ಯೆಯೆಲ್ಲ ಆ ಮಾತಿನ ಹೊಟ್ಟೆಯಲ್ಲಿದೆ. ನೇಪಾಳದವರು ತಮ್ಮ ನಡಾವಳಿಯ ಫೋಟೊ ವಾಟ್ಸಾಪಿಗೆ ಹಾಕುತ್ತಾರೆ. ದೇವನಾಗರಿ ಅಕ್ಷರ ಓದಲು ಬರುತ್ತದೆ. ಅರ್ಥವಾಗದ್ದನ್ನು ಆ ಹುಡುಗ ಬಿಡಿಸಿ ಹೇಳುತ್ತಾನೆ. ‘ಶಾಲೆ ಹತ್ತಿರದ ನೀರಿನ ಪೈಪು ಸರಿಪಡಿಸುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ನೋಡಿದ ಕೂಡಲೇ ನನಗೆ ಒಳ್ಳೆಯ ಹಸಿವಾದವನ ಮುಂದೆ ಎಲೆ ಹಾಸಿದಂತಾಗುತ್ತದೆ. ಯಾವ ಶಾಲೆ, ಮೇಲಿನದೋ ಕೆಳಗಿನದೋ? ಪೈಪು ಎಷ್ಟು ಉದ್ದ? ಯಾವ ಬಾಬಿನ ಹಣ? ಮಾಡಿಸುವವರು ಯಾರು? ಯಾವ ತಾರೀಕಿನೊಳಗೆ? ಆಯಿತೋ ಇಲ್ಲವೋ ಅಂತ ಹೋಗಿ ನೋಡಿ ಬರುವವರು ಯಾರು? ಇನ್ನು ಆ ಸರ್ವಾನುಮತ. ಎಲ್ಲರೂ ಒಪ್ಪಿದರು ಅಂತ ಬರೆದ ಕಡೆಯೆಲ್ಲ ಯಾರೋ ಒಬ್ಬರು ಮಾತಾಡದೆ ಕೂತಿದ್ದರು ಎಂದೇ ನಾನು ಓದಿಕೊಳ್ಳುವುದು. ವಿರೋಧವಿದ್ದರೆ ಹೆಸರು ಹಾಕಿ ಬರೆಯಿರಿ ಎಂದೆ. ಪರದೆಯ ಆ ಬದಿ ಗುಸುಗುಸು. ಆಮೇಲೆ ದಲಿತ ಸದಸ್ಯೆ ತಲೆಯ ಶಾಲು ಸರಿಮಾಡಿಕೊಂಡು ಕೇಳಿದರು, ‘ದಾಜು, ಆ ಪೈಪು ನಮ್ಮ ಕೇರಿಗೆ ಬರುವ ಮೊದಲೇ ಮುಗಿಯುತ್ತದೆ. ಅದನ್ನೂ ಬರೆಸಬಹುದೇ?’ ದಾಜು ಎಂದರೆ ಅಣ್ಣ. ಬರೆಸಬಹುದು ತಂಗಿ, ಅದನ್ನೇ ಮೊದಲು ಬರೆಸಬೇಕು ಅಂದೆ. ಮುಂದಿನ ಶನಿವಾರ ಬಂದ ಫೋಟೊದಲ್ಲಿ ಪೈಪಿನ ಉದ್ದ ಹೆಚ್ಚಾಗಿತ್ತು, ಕೆಳಗೆ ಅವರ ಹೆಬ್ಬೆಟ್ಟಲ್ಲ, ಗುಂಡಗಿನ ಸಹಿ. ಆ ಹಾಳೆಯನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ.

ಪರದೆಯ ಪಾಠ ನನಗೆ ಹೊಸದೇನಲ್ಲ. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನಲ್ಲೇ ಇರುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯವರು ಉಪಗ್ರಹದ ಮೂಲಕ ತರಬೇತಿ ಕೊಡುತ್ತಿದ್ದರು. ನಮ್ಮ ಸದಸ್ಯರು ಟಿವಿಯ ಮುಂದೆ ಸಾಲಾಗಿ ಕೂರುವುದು, ಮೈಸೂರಿನಲ್ಲಿ ಕೂತ ಅಧಿಕಾರಿಗೆ ಫೋನ್ ಮಾಡಿ ಪ್ರಶ್ನೆ ಕೇಳುವುದು. ಪಾಠ ತೆರಿಗೆ ವಸೂಲಿಯ ಮೇಲಿದ್ದರೂ ಪ್ರಶ್ನೆ ಮಾತ್ರ ಮನೆ ಹಂಚಿಕೆಯ ಮೇಲೇ. ಈಗ ನಾನು ಆ ಅಧಿಕಾರಿಯ ಜಾಗದಲ್ಲಿ ಕೂತಿದ್ದೇನೆ, ಪಂಚೆಯಲ್ಲಿ. ದೂರದರ್ಶನದ ರಾಮಾಯಣ ನೋಡಿ ಕಲಿತ ಹಿಂದಿ ನನ್ನದು. ಪೈಪಿನ ವಿಷಯಕ್ಕೂ ದಶರಥನ ದರ್ಬಾರಿನ ಮಾತು ಬಂದುಬಿಡುತ್ತದೆ. ಅವರಿಗೆ ಅದು ಖುಷಿ.

ನಾನು ಅವರಿಂದ ಮೊದಲು ಕಲಿತದ್ದು ಆಷಾಢದ ಸಂಕಟ. ನಮ್ಮ ಸರ್ಕಾರಿ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಾರ್ಚಿನ ಕೊನೇ ವಾರ ಬಿಲ್ಲು, ಸಹಿ, ಚೆಕ್ಕು ಅಂತ ಕಚೇರಿಗಳು ರಾತ್ರಿ ಹತ್ತಕ್ಕೂ ಉರಿಯುತ್ತಿರುತ್ತವೆ. ಬೇಸಿಗೆಯಾದ್ದರಿಂದ ಕಾಂಕ್ರೀಟಾದರೂ ಒಣಗುತ್ತದೆ. ಅವರ ವರ್ಷ ಮುಗಿಯುವುದು ಅಸಾರದ ಕೊನೆಗೆ, ಅಂದರೆ ಜುಲೈ ನಡುವಿಗೆ. ಉಳಿದ ಹಣ ಖರ್ಚು ಮಾಡುವ ಗಡಿಬಿಡಿಯಲ್ಲಿ ಧೋ ಎಂದು ಸುರಿಯುವ ಮಳೆಯಲ್ಲೇ ರಸ್ತೆ ಹಾಕುತ್ತಾರೆ. ಅದಕ್ಕೆ ಅಲ್ಲಿ ಅಸಾರೆ ವಿಕಾಸ ಎಂಬ ಹೆಸರೇ ಬಿದ್ದಿದೆ. ಗದ್ದೆ ನಾಟಿಯೂ ಆಗಲೇ, ಸಭೆಗೆ ಜನ ಎಲ್ಲಿಂದ ಬರಬೇಕು? ನಮ್ಮಲ್ಲಿ ಕೊನೆ ಕೊಯ್ದು ಅಡಿಕೆ ಸುಲಿಯುವ ದಿನಗಳಲ್ಲಿ ಗ್ರಾಮಸಭೆ ಇಟ್ಟರೆ ನೋಡಲ್ ಅಧಿಕಾರಿ, ಮೈಕಿನವನು, ನಾನು, ಇಷ್ಟೇ ಜನ. ಹಾಗಾಗಿ ಕಾಮಗಾರಿ ಪಟ್ಟಿಯನ್ನು ದಸರೆಗೂ ಮೊದಲೇ ಕೂತು ಬರೆಯಿರಿ, ಕೆಲಸ ಚಳಿಗಾಲದಲ್ಲಿ ಮುಗಿಸಿ ಅಂದೆ. ಬುದ್ಧಿವಾದ ಸುಲಭ, ಹಣ ಯಾವಾಗ ಬಿಡುಗಡೆಯಾಗುತ್ತದೆ ಎಂಬುದು ಅವರ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲಂತೂ ಇರಲೇ ಇಲ್ಲ.

ಅಳತೆಯ ಪಾಠದ ದಿನ ಕಾಗೋಡಿನ ಕಥೆ ಹೇಳಿದೆ. ನಮ್ಮ ಜಿಲ್ಲೆಯದೇ ಆದ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು, ಎಚ್. ಗಣಪತಿಯಪ್ಪನವರು ಮುಂದಾಳಾದದ್ದು, ಶಾಂತವೇರಿ ಗೋಪಾಲಗೌಡರು ಜೊತೆಯಾದದ್ದು, ಲೋಹಿಯಾ ಬಂದು ಬಂಧನಕ್ಕೊಳಗಾದದ್ದು. ಆ ಜಗಳದ ಬುಡದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ ಯಾರು ಹೇಳಿದಷ್ಟು ಎಂಬುದೇ ಪ್ರಶ್ನೆ. ಅಳತೆ ಪುಸ್ತಕವನ್ನು ಎಂಜಿನಿಯರ್ ಕಚೇರಿಯಲ್ಲಿ ಕೂತು ತುಂಬಿಸಬಾರದು, ಚರಂಡಿಯ ಹತ್ತಿರ ಟೇಪು ಹಿಡಿದು, ಇನ್ನೊಂದು ತುದಿಯನ್ನು ಊರವನ ಕೈಗೆ ಕೊಟ್ಟು ಬರೆಯಬೇಕು ಎಂದೆ. ಅವರು ನಕ್ಕರು. ಅದು ಅವರಿಗೆ ಗೊತ್ತಿದ್ದದ್ದೇ. ಅವರಲ್ಲಿ ಸಣ್ಣ ಕಾಮಗಾರಿಗಳನ್ನು ಗುತ್ತಿಗೆದಾರನಿಗಲ್ಲ, ಬಳಸುವವರ ಸಮಿತಿಗೇ ಕೊಡುತ್ತಾರೆ. ಸಮಿತಿಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಕೊನೇ ಕಂತಿನ ಹಣಕ್ಕೆ ಮೊದಲು ಲೆಕ್ಕವನ್ನು ಊರಿನ ಮುಂದೆ ಓದಿ ಹೇಳಬೇಕು. ನಮ್ಮ ಜಮಾಬಂದಿ ವರ್ಷಕ್ಕೊಮ್ಮೆ; ಅವರದು ಕೆಲಸ ಕೆಲಸಕ್ಕೂ. ಅಲ್ಲೂ ಕಳ್ಳತನವಿಲ್ಲ ಎಂದಲ್ಲ. ಸಮಿತಿಯ ಹೆಸರಿನಲ್ಲಿ ಗುತ್ತಿಗೆದಾರನೇ ನುಸುಳುವುದುಂಟು ಅಂತ ಅಧ್ಯಕ್ಷರೇ ಹೇಳಿದರು.

ಆಮೇಲೆ ಮಾತು ಸೇತುವೆಗೆ ಹೊರಳಿತು. ಹಿಮಾಲಯದ ಬೆಟ್ಟಗಳಲ್ಲಿ ಸಾವಿರಾರು ತೂಗುಸೇತುವೆಗಳಿವೆ. ಸ್ವಿಸ್ ನೆರವಿನಿಂದ ಶುರುವಾದ ವಿದ್ಯೆಯನ್ನು ಹಳ್ಳಿಯವರು ಕೈವಶ ಮಾಡಿಕೊಂಡಿದ್ದಾರೆ. ಕೇಬಲ್ಲಿಗೆ ಎಣ್ಣೆ ಹಚ್ಚುವುದು, ಬೋಲ್ಟು ಬಿಗಿಮಾಡುವುದು ಇಂಥ ಮನೆಯ ಇಂಥವರ ಕೆಲಸ ಎಂದು ಅವರ ಪುಸ್ತಕದಲ್ಲಿ ಬರೆದಿದೆ. ಸೇತುವೆ ಕಟ್ಟುವ ವಿದ್ಯೆ ನಮ್ಮಲ್ಲೂ ಇದೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ, ಅಲ್ಲಿಂದ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಆದರೆ ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರೆಂದು ನಾವು ಬರೆಯುವುದು ಕಡಿಮೆ. ತೀರ್ಥಹಳ್ಳಿ, ಹೊಸನಗರದ ಕಡೆ ಮಕ್ಕಳು ಮಳೆಗಾಲದಲ್ಲಿ ಅಡಿಕೆ ದಬ್ಬೆಯ ಕಾಲುಸಂಕದ ಮೇಲೆ ಹಳ್ಳ ದಾಟಿ ಶಾಲೆಗೆ ಹೋಗುವುದನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಮಕ್ಕಳ ಗ್ರಾಮಸಭೆಯಲ್ಲಿ ಆಟದ ಸಾಮಾನಿಗಿಂತ ಮೊದಲು ಸಂಕದ ಮಾತು ಬರುತ್ತದೆ.

ಮಳೆಗಾಲದಲ್ಲಿ ಪಾಠ ನಡೆಯುವುದು ಕರೆಂಟಿನ ಕೃಪೆಯಿದ್ದರೆ. ಫೋನಿಗೆ ಸಿಗ್ನಲ್ ಸಿಗುವುದು ಜಗಲಿಯ ಮೂಲೆಯಲ್ಲಿ ಮಾತ್ರ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವ ಕಾಲ; ಒಂದು ಸಂಜೆ ಹೊಳೆದಂಡೆಗೇ ಹೋಗಿ ಕೂತು ಮಾತಾಡಿದರೆ, ನನ್ನ ಮಾತಿಗಿಂತ ಅವುಗಳ ಗಲಾಟೆಯೇ ಹೆಚ್ಚಾಗಿ, ‘ಇದು ಗ್ರಾಮಸಭೆಯಾ ದಾಜು?’ ಎಂದು ಅಲ್ಲಿಂದ ಕೇಳಿದರು. ಸುಮಾರು ಹಾಗೇ ಎಂದೆ. ಮನೆಯವಳದು ಬೇರೆ ರಾಗ: ‘ಹೋಯ್, ನಿಮ್ಮ ಪಂಚಾಯ್ತಿ ಇನ್ನೂ ಮುಗೀಲಿಲ್ವಾ? ಕಾಫಿ ಆರ್ತದೆ.’

ಮೊನ್ನೆ ನಮ್ಮ ಊರಿನ ಸದಸ್ಯನೊಬ್ಬ ಬಂದಿದ್ದ, ವಯಸ್ಸಿನಲ್ಲಿ ಚಿಕ್ಕವನು, ಮೊದಲ ಸಲ ಗೆದ್ದವನು. ಹಳ್ಳದ ಸಂಕಕ್ಕೆ ಒಂದು ಠರಾವು ಬರೆದುಕೊಡಿ ಅಂದ. ನೇಪಾಳದವರ ಹಾಳೆ ತೆಗೆದು ತೋರಿಸಿದೆ: ಬೋಲ್ಟು ಬಿಗಿಮಾಡುವ ಮನೆಗಳ ಹೆಸರು, ತಿಂಗಳು, ಎಣ್ಣೆಯ ಖರ್ಚಿನ ಬಾಬು. ಅವನು ತಲೆ ಕೆರೆದುಕೊಂಡು, ‘ಹೆಸರು ಹಾಕಿದರೆ ಜಗಳ ಆಗ್ತದಲ್ಲ ಮಾವ’ ಅಂದ. ಆಗಲಿ, ಜಗಳ ಸಭೆಯಲ್ಲೇ ಆಗಲಿ, ಅದನ್ನೂ ಬರೆ ಎಂದು ಪೆನ್ನು ಕೊಟ್ಟೆ. ಕೆಳಗಿನಕೇರಿಯಿಂದ ಶುರು ಮಾಡಿದ್ದೇವೆ. ಎರಡು ಮನೆಯವರು ಒಪ್ಪಿದ್ದಾರೆ, ಮೂರನೆಯವರು ಯೋಚಿಸಿ ಹೇಳುತ್ತೇವೆ ಅಂದಿದ್ದಾರೆ.