ಕಡಲಲ್ಲಿ ಸಿಗ್ನಲ್ ಇಲ್ಲ, ಹಾಡು ಉಂಟು!

ಸಿನಿಮಾ ಹಾಡಿನ ವಿಷಯದಲ್ಲಿ ನಮ್ಮಷ್ಟು ಪುಣ್ಯವಂತರು ಹಿಂದೆ ಯಾವ ಕಾಲದಲ್ಲೂ ಇರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ತಿಂಗಳಿಗೊಮ್ಮೆ ದುಡ್ಡು ಕಟ್ಟಿಬಿಟ್ಟರೆ ಸಾಕು, ಅಣ್ಣಾವ್ರ ಕಪ್ಪು-ಬಿಳುಪು ಚಿತ್ರದಿಂದ ಹಿಡಿದು ಮೊನ್ನೆ ಶುಕ್ರವಾರ ತೆರೆಕಂಡ ಚಿತ್ರದವರೆಗೆ ಎಲ್ಲ ಹಾಡೂ ಅಂಗೈಯಲ್ಲಿ! ಮಾತು ಸುಳ್ಳಲ್ಲ. ಆದರೆ ಹೀಗೆ ಹೇಳುವವರೆಲ್ಲ ದಡದ ಮೇಲಿರುವವರು. ನಾನು ಬೋಟಿನವನು. ನನ್ನ ಲೆಕ್ಕ ಸ್ವಲ್ಪ ಬೇರೆ.

ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಹುಡುಗರು ಮಲ್ಪೆ ಬೋಟಿಗೆ ಹೋಗುವುದು ಹೊಸದೇನಲ್ಲ. ಆಳಸಮುದ್ರದ ಟ್ರಾಲ್ ಬೋಟು ಒಮ್ಮೆ ಹೊರಟರೆ ಎಂಟು-ಹತ್ತು ದಿವಸ ದಡದ ಮುಖ ಕಾಣುವಂತಿಲ್ಲ. ಐಸು, ಡೀಸೆಲ್, ಅಕ್ಕಿ, ತೆಂಗಿನಕಾಯಿ, ಕುಡಿಯುವ ನೀರು... ಎಲ್ಲ ಲೆಕ್ಕ ಹಾಕಿ ತುಂಬಿಸಿಕೊಳ್ಳುತ್ತೇವೆ. ಹಾಡನ್ನೂ ಹಾಗೇ ತುಂಬಿಸಬೇಕು! ದಡದ ಗುಡ್ಡ ಮರೆಯಾಗಿ ಸ್ವಲ್ಪ ಹೊತ್ತಿಗೆ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದೇ ಉದುರಿ ಹೋಗುತ್ತವೆ. ಆಮೇಲೆ ವೈರ್‌ಲೆಸ್ ಒಂದೇ ಗತಿ. ಅದರಲ್ಲಿ ಹಾಡು ಬರುವುದಿಲ್ಲ, ಪಕ್ಕದ ಬೋಟಿನ ತಾಂಡೇಲರ ಬೈಗುಳ ಬರುತ್ತದೆ.

ಮೊದಲು ಇದಕ್ಕೆ ಸುಲಭದ ದಾರಿ ಇತ್ತು. 2010ರ ಆಸುಪಾಸಿನಲ್ಲಿ ಪ್ರತಿ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೊಬೈಲ್ ಅಂಗಡಿ. ಅದರೊಳಗೆ ಧೂಳು ಹಿಡಿದ ಒಂದು ಕಂಪ್ಯೂಟರ್. ಮೆಮೊರಿ ಕಾರ್ಡು ಕೊಟ್ಟು, "ಅಣ್ಣಾ, ದರ್ಶನ್ ಎಲ್ಲಾ ಹಾಕಿ, ಹಳೇದು ಸ್ವಲ್ಪ, ಒಂದೆರಡು ಭಕ್ತಿಗೀತೆ" ಅಂದರೆ ಆಯ್ತು. ಟೀ ಕುಡಿದು ಬರುವಷ್ಟರಲ್ಲಿ ಕಾರ್ಡು ಭರ್ತಿ! ಹಾಡಿದವರಿಗೆ, ಬರೆದವರಿಗೆ ಅದರಿಂದ ಬಿಡಿಗಾಸೂ ಸೇರುತ್ತಿರಲಿಲ್ಲ ಅನ್ನೋದು ನಿಜ. ಅಂಗಡಿಯವನ ಅಭಿರುಚಿಯೇ ಊರಿನ ಅಭಿರುಚಿಯಾಗಿತ್ತು ಅನ್ನೋದೂ ನಿಜ. ಹಾಡಿನ ಹೆಸರಿದ್ದ ಕಡೆ 'ಟ್ರ್ಯಾಕ್ 07' ಅಂತ ಇರುತ್ತಿತ್ತು. ಯಾವ ಚಿತ್ರ, ಯಾರ ಸಂಗೀತ, ದೇವರಿಗೇ ಗೊತ್ತು!

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು ನೋಡಿ, ಆ ಕಂಪ್ಯೂಟರುಗಳಿಗೆಲ್ಲ ಕೆಲಸ ತಪ್ಪಿತು. ಸಾವನ್, ಗಾನಾ, ವಿಂಕ್ ಅಂತ ಹೆಸರು ಕೇಳತೊಡಗಿದೆವು. ಸಾವನ್ 2018ರಲ್ಲಿ ಜಿಯೋ ಜೊತೆ ಸೇರಿ ಜಿಯೋಸಾವನ್ ಆಯ್ತು. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು; ತಿಂಗಳಿಗೆ ಆಗ 119 ರೂಪಾಯಿ. 2021ರಲ್ಲಿ ಅದು ಕನ್ನಡ ಅಕ್ಷರದಲ್ಲೂ ಕಾಣಿಸಿಕೊಂಡಿತು. ಇಷ್ಟು ಚರಿತ್ರೆ ಸಾಕು.

ಈಗ ವಿಷಯಕ್ಕೆ ಬರೋಣ. ದುಡ್ಡು ಕಟ್ಟಿದವರಿಗೆ ಮಾತ್ರ ಸಿಗುವ ದೊಡ್ಡ ಸೌಲಭ್ಯ ಡೌನ್‌ಲೋಡ್. ದಡದಲ್ಲಿದ್ದಾಗ ಇಳಿಸಿಕೊಂಡರೆ ನಡುಕಡಲಲ್ಲೂ ಹಾಡು ಬರುತ್ತದೆ. ಬೋಟಿನ ಹುಡುಗರಿಗೆ ನಾನು ಮೊದಲು ಹೇಳೋದು ಇದು: ಇಳಿಸುವ ಮೊದಲು ಸೆಟ್ಟಿಂಗಿಗೆ ಹೋಗಿ ಗುಣಮಟ್ಟ ನೋಡು. ನಾಲ್ಕು ನಿಮಿಷದ ಹಾಡು ಸಾಧಾರಣ ಗುಣಮಟ್ಟದಲ್ಲಿ, ಅಂದ್ರೆ 96 ಕೆಬಿಪಿಎಸ್‌ನಲ್ಲಿ, ಸುಮಾರು 3 ಎಂಬಿ. 320ರಲ್ಲಿ ಇಳಿಸಿದರೆ ಹತ್ತಿರ ಹತ್ತು ಎಂಬಿ. ಎಂಜಿನ್ ಸದ್ದಿನ ನಡುವೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವ ಕಿವಿ ಯಾರಿಗಿದೆ ಮಾರಾಯ್ರೇ! ನೂರು ಹಾಡಿಗೆ ಮುನ್ನೂರು ಎಂಬಿ ಸಾಕು. ಇನ್ನೊಂದು ಮಾತು. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಮೊಬೈಲು ನೆಟ್ ಕಾಣಬೇಕು, ಇಲ್ಲದಿದ್ದರೆ ಇಳಿಸಿದ ಹಾಡೂ ಏಳುವುದಿಲ್ಲ. ಹತ್ತು ದಿನದ ನಮಗೆ ಅದು ತೊಂದರೆಯಲ್ಲ, ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುವವರಿಗೆ ತೊಂದರೆ.

ಆದರೆ ಎಂತ ಇಳಿಸಬೇಕು? ಅದೇ ದೊಡ್ಡ ಪ್ರಶ್ನೆ. ಆ್ಯಪ್ ತೆರೆದ ಕೂಡಲೇ 'ಟಾಪ್ ಐವತ್ತು', 'ಲವ್ ಹಿಟ್ಸ್' ಅಂತ ಎದುರಿಗೆ ಬಡಿಸಿಡುತ್ತದೆ. ಹುಡುಗರು ಅದನ್ನೇ ಇಳಿಸಿಕೊಂಡು ಬರುತ್ತಾರೆ. ಎಂಟು ಜನರ ಎಂಟು ಮೊಬೈಲಿನಲ್ಲೂ ಅವೇ ಐವತ್ತು ಹಾಡು! ಮೂರನೇ ದಿನಕ್ಕೆ ತಲೆ ಚಿಟ್ಟು ಹಿಡಿಯುತ್ತದೆ. ನನ್ನ ಪದ್ಧತಿ ಬೇರೆ. ನಾನು ಚಿತ್ರದ ಹೆಸರು ಹುಡುಕಿ, ಆ ಚಿತ್ರದ ಪೂರ್ತಿ ಆಲ್ಬಂ ಇಳಿಸುತ್ತೇನೆ, ಹಿಟ್ ಆದದ್ದೂ ಆಗದ್ದೂ. ಧ್ವನಿಸುರುಳಿಯ ಕಾಲದಲ್ಲಿ ನಮ್ಮ ಅಪ್ಪಂದಿರು ಎ ಸೈಡು, ಬಿ ಸೈಡು ತಿರುಗಿಸಿ ಕೇಳುತ್ತಿದ್ದರಲ್ಲ, ಹಾಗೆ. ಹಿಟ್ ಹಾಡಿನ ಪಕ್ಕದಲ್ಲಿ ಸದ್ದಿಲ್ಲದೆ ಕೂತ ಒಂದು ಹಾಡು ಇದ್ದೇ ಇರುತ್ತದೆ. ನಿಮಗೆ ಬೇಕಾದದ್ದು ಅದೇ ಆಗಿರಬಹುದು!

ಹೀಗೆ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಎಂತ ಗೊತ್ತುಂಟಾ? ನನ್ನದೇ ಊರು!

ಆಟೋದ ಹಿಂದೆ ಅಂಟಿಸಿದ ಶಂಕರ್‌ನಾಗ್ ಚಿತ್ರ ನೋಡದ ಹುಡುಗ ಕರ್ನಾಟಕದಲ್ಲಿ ಇಲ್ಲ. 'ಆಟೋ ರಾಜ' (1980) ಎಲ್ಲರಿಗೂ ಗೊತ್ತು, ಸಂಗೀತ ರಾಜನ್-ನಾಗೇಂದ್ರ. ಆದರೆ ಅವರು ಹುಟ್ಟಿದ್ದು ಹೊನ್ನಾವರ ಕಡೆಯ ಮಲ್ಲಾಪುರದಲ್ಲಿ ಅಂತ ನಮ್ಮ ಬೋಟಿನ ಹೊನ್ನಾವರದ ಹುಡುಗನಿಗೇ ಗೊತ್ತಿರಲಿಲ್ಲ! 'ಜನ್ಮ ಜನ್ಮದ ಅನುಬಂಧ' (1980), 'ಗೀತಾ' (1981) ಎರಡನ್ನೂ ನಿರ್ದೇಶಿಸಿದವರು ಅವರೇ, ಎರಡಕ್ಕೂ ಸಂಗೀತ ಇಳಯರಾಜಾ. ಆಗ ಶಂಕರ್‌ನಾಗ್‌ಗೆ ಮೂವತ್ತೂ ತುಂಬಿರಲಿಲ್ಲ. ಅವರಣ್ಣ ಅನಂತ್‌ನಾಗ್ ಬಾಲ್ಯದ ಓದಿನ ಕೆಲವು ದಿನಗಳನ್ನು ಕಳೆದದ್ದು ನಮ್ಮ ಭಟ್ಕಳ ತಾಲ್ಲೂಕಿನ ಶಿರಾಲಿಯ ಚಿತ್ರಾಪುರ ಮಠದಲ್ಲಿ. ಇನ್ನು ಕುಮಟಾ ತಾಲ್ಲೂಕು? 'ನಮ್ಮೂರ ಮಂದಾರ ಹೂವೇ' (1996) ನೋಡಿ ಜನ ಯಾಣದ ಬಂಡೆ ಹುಡುಕಿಕೊಂಡು ಬಂದರು. ಅದಕ್ಕೂ ಇಳಯರಾಜಾ. 'ಮುಂಗಾರು ಮಳೆ' (2006) ಹಾಡುಗಳಿಂದ ನಾಡಿಗೇ ಮಳೆ ಹಿಡಿಸಿದ ಜಯಂತ ಕಾಯ್ಕಿಣಿಯವರು ಗೋಕರ್ಣದವರು. ಮೂರು ತಾಲ್ಲೂಕು, ಒಂದು ಪ್ಲೇಲಿಸ್ಟ್! ಬೋಟಿನಲ್ಲಿ ಇದಕ್ಕೆ ನಾವಿಟ್ಟ ಹೆಸರು 'ನಮ್ಮೋರು'.

ಒಂದು ಕೊರಗು ಉಂಟು. ಆ್ಯಪಿನಲ್ಲಿ ಗಾಯಕರ ಹೆಸರು ಎದ್ದು ಕಾಣುತ್ತದೆ, ಸಂಗೀತ ನಿರ್ದೇಶಕರದೂ ಕಾಣುತ್ತದೆ. ಬರೆದವರು ಯಾರು? ಮೂರು ಚುಕ್ಕಿ ಒತ್ತಿ ಒಳಹೊಕ್ಕರೆ ಕೆಲವಕ್ಕೆ ಸಿಗುತ್ತದೆ, ಕೆಲವಕ್ಕೆ ಇಲ್ಲ. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅಂಥವರ ಹೆಸರನ್ನು ಹೀಗೆ ಮೂಲೆಯಲ್ಲಿ ಹುಡುಕಬೇಕಾ? ಹಳೆಯ ಕ್ಯಾಸೆಟ್ಟಿನ ಚೀಟಿಯಲ್ಲಿ 'ಸಾಹಿತ್ಯ' ಅಂತ ಅಚ್ಚಾಗಿರುತ್ತಿತ್ತು. ಇದನ್ನಾದರೂ ಈ ಕಂಪನಿಗಳು ಸರಿಮಾಡಲಿ.

ಹುಡುಕುವುದೂ ಒಂದು ವಿದ್ಯೆಯೇ! ಕನ್ನಡ ಚಿತ್ರದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿಟ್ಟಿದ್ದಾರೆ. 'ಗೀತಾ'ಗೆ ಒಂದು 'ಎಚ್' ಸೇರಿಸಿದರೆ ಒಂದು ಪಟ್ಟಿ, ಬಿಟ್ಟರೆ ಇನ್ನೊಂದು. ಹಾಗಾಗಿ ಚಿತ್ರದ ಹೆಸರು ಸಿಗದಿದ್ದರೆ ಸಂಗೀತ ನಿರ್ದೇಶಕರ ಹೆಸರು ಹಿಡಿದು ಒಳಗೆ ಹೋಗಿ, ಇಸವಿ ನೋಡುತ್ತಾ ಕೆಳಗೆ ಇಳಿಯಿರಿ. ಬಲೆ ಬೀಸಿದ ಹಾಗೆ.

ಹೀಗೆ ಬಲೆ ಬೀಸಿದ ಒಂದು ಕತೆ ಹೇಳ್ತೇನೆ.

ನಮ್ಮ ತಾಂಡೇಲರಿಗೆ ಈಗ ಅರವತ್ತರ ಹತ್ತಿರ. ಎಲ್ಲರೂ ಮಾಮ ಅಂತಲೇ ಕರೆಯೋದು. ಮಾತು ಕಡಿಮೆ. ರಾತ್ರಿ ಸ್ಟೇರಿಂಗ್ ಹಿಡಿದಾಗ ಒಂದು ರಾಗ ಗುನುಗುತ್ತಾರೆ. ಯಾವಾಗಲೂ ಅದೇ ರಾಗ, ಅರ್ಧಕ್ಕೇ ನಿಲ್ಲುತ್ತದೆ. ಒಂದು ದಿವಸ ಧೈರ್ಯ ಮಾಡಿ ಕೇಳಿದೆ.

"ಮಾಮ, ಯಾವ ಪಿಚ್ಚರಿಂದು ಅದು?"

"ನಂಗೆ ಗೊತ್ತಿದ್ರೆ ಪೂರ್ತಿ ಹೇಳ್ತಿದ್ದೆ. ಅಣ್ಣ ಹೇಳ್ತಿದ್ದ. ಅವನೂ ಅರ್ಧವೇ ಹೇಳ್ತಿದ್ದ."

ಅಣ್ಣ ಅಂದರೆ ಅವರ ಒಡಹುಟ್ಟಿದವನು. ಬಲೆ ರಿಪೇರಿ ಮಾಡುತ್ತಾ ಹಾಡಿಕೊಳ್ಳುತ್ತಿದ್ದನಂತೆ. ಎಂಬತ್ತರ ದಶಕದಲ್ಲಿ ಒಂದು ವರ್ಷ, ಮಳೆಗಾಲ ಶುರುವಾಗುವ ಹೊತ್ತಿಗೆ ಕಡಲಿಗೆ ಹೋದವನು ತಿರುಗಿ ಬರಲಿಲ್ಲ. ಮನೆಯಲ್ಲಿ ಅವನ ಒಂದು ಫೋಟೋ ಕೂಡ ಇಲ್ಲ. "ಅನಂತ್‌ನಾಗ್ ಪಿಚ್ಚರು ಅಂತ ಹೇಳಿದ ನೆನಪು" ಅಂದರು. ಅಷ್ಟೇ ಸುಳಿವು.

ಮುಂದಿನ ಸಲ ದಡಕ್ಕೆ ಬಂದಾಗ ಮನೆಯಲ್ಲಿ ಕೂತು ಎಪ್ಪತ್ತು-ಎಂಬತ್ತರ ದಶಕದ ಅನಂತ್‌ನಾಗ್ ಚಿತ್ರಗಳ ಆಲ್ಬಂ ಸಿಕ್ಕಷ್ಟೂ ಇಳಿಸಿದೆ. ನಾ ನಿನ್ನ ಬಿಡಲಾರೆ, ಜನ್ಮ ಜನ್ಮದ ಅನುಬಂಧ, ಅನಂತ್‌ನಾಗ್ ಇಲ್ಲದಿದ್ದರೂ ಇರಲಿ ಅಂತ ಮಣಿರತ್ನಂ ಅವರ ಮೊದಲ ಚಿತ್ರ ಪಲ್ಲವಿ ಅನುಪಲ್ಲವಿ ಕೂಡ... (ಒಂದು ಮೊಬೈಲ್ ಕಂಪನಿಯ ಜಾಹೀರಾತಿನಿಂದ ದೇಶಕ್ಕೆಲ್ಲ ಕೇಳಿಸಿದ ಆ ರಾಗ ಈ ಚಿತ್ರದ್ದೇ, ಗೊತ್ತಿತ್ತಾ?) ನಮ್ಮ ಬೋಟು ಹೊರಟ ಮೊದಲ ರಾತ್ರಿ ಒಂದೊಂದೇ ಹಾಕಿದೆ. ಮಾಮ ತಲೆ ಅಲ್ಲಾಡಿಸಿದರು. ಅಲ್ಲ. ಎರಡನೇ ರಾತ್ರಿಯೂ ಅಲ್ಲ. ಮೂರನೇ ರಾತ್ರಿ 'ಬಯಲುದಾರಿ' ಹಾಕಿದೆ. 1976ರ ಚಿತ್ರ, ಭಾರತೀಸುತರ ಕಾದಂಬರಿ, ರಾಜನ್-ನಾಗೇಂದ್ರ ಸಂಗೀತ. ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿ ಏಳುತ್ತಿದ್ದ ಹಾಗೇ ಮಾಮ ಎಂಜಿನ್ ಇಳಿಸಿಬಿಟ್ಟರು!

ಸದ್ದು ಕಡಿಮೆಯಾಯ್ತು. ಮಲಗಿದ್ದ ಹುಡುಗರು ಏನಾಯ್ತೋ ಅಂತ ಎದ್ದು ಕೂತರು. ಮಾಮ ಯಾರ ಮುಖವನ್ನೂ ನೋಡಲಿಲ್ಲ. ಹಾಡು ಪೂರ್ತಿ ಮುಗಿಯಿತು. "ಇನ್ನೊಂದ್ಸಲ ಹಾಕು" ಅಂದರು. ಹಾಕಿದೆ. "ಓ... ಮುಂದೆ ಹೀಗೆ ಹೋಗ್ತದಾ ಅದು" ಅಂದರು. ನಲವತ್ತು ವರ್ಷದಿಂದ ಅರ್ಧಕ್ಕೆ ನಿಂತಿದ್ದ ಹಾಡು!

ಕತೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಆಗುತ್ತಿತ್ತು. ಬೆಳಿಗ್ಗೆ ಮಾಮ ತಮ್ಮ ಕೀಪ್ಯಾಡ್ ಮೊಬೈಲಿನ ಹಿಂಬದಿ ಬಿಚ್ಚಿ, ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು ತೆಗೆದು ನನ್ನ ಕೈಗಿಟ್ಟರು.

"ಇದಕ್ಕೆ ಹಾಕಿಕೊಡು."

"ಆಗೋದಿಲ್ಲ ಮಾಮ."

"ಯಾಕೆ? ನಿನ್ನತ್ರ ಉಂಟಲ್ಲ?"

"ಉಂಟು. ಆದ್ರೆ ಅದು ಆ್ಯಪಿನ ಒಳಗೇ ಉಂಟು. ಹೊರಗೆ ತೆಗೀಲಿಕ್ಕೆ ಬರೋದಿಲ್ಲ. ತಿಂಗಳ ದುಡ್ಡು ನಿಲ್ಲಿಸಿದ್ರೆ ನಂಗೂ ಇಲ್ಲ."

ಮಾಮ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಅಂದ್ರೆ ಬಾಡಿಗೆ ಹಾಡು" ಅಂದರು. ಇದಕ್ಕಿಂತ ಸರಿಯಾದ ಮಾತು ನಾನೆಲ್ಲೂ ಓದಿಲ್ಲ! ಮನೆ ಬಾಡಿಗೆ, ಬೋಟು ಬಾಡಿಗೆ ಕೇಳಿದ್ದೆವು, ಈಗ ಹಾಡೂ ಬಾಡಿಗೆ. ಬಾಡಿಗೆದಾರನಿಗೆ ಮನೆ ಖಾಲಿ ಮಾಡಿಸುವ ಭಯ ಇದ್ದೇ ಇರುತ್ತದೆ. ಸ್ಪಾಟಿಫೈ ಬಂದ ಹೊಸದರಲ್ಲಿ ಸರೆಗಮ, ಅಂದ್ರೆ ಗ್ರಾಮಫೋನ್ ಕೇಳುವ ನಾಯಿಯ ಹಳೇ ಎಚ್‌ಎಂವಿ, ಒಪ್ಪಂದಕ್ಕೆ ಬಂದಿರಲಿಲ್ಲ. ಆ ಕಂಪನಿಯ ಹಾಡುಗಳು ಅಲ್ಲಿ ನೆಲೆಯಾದದ್ದು 2020ರಲ್ಲಿ. ಏರ್‌ಟೆಲ್‌ನ ವಿಂಕ್ 2024ರಲ್ಲಿ ಬಾಗಿಲನ್ನೇ ಹಾಕಿತು. ನಮ್ಮ ಬೋಟಿನಲ್ಲೇ ಒಬ್ಬನ ತಿಂಗಳು ಆರನೇ ದಿವಸ ನಡುಕಡಲಲ್ಲಿ ಮುಗಿದು, ಇಳಿಸಿಟ್ಟ ಇನ್ನೂರು ಹಾಡೂ ಬೀಗ ಹಾಕಿಕೊಂಡವು. ಉಳಿದ ನಾಲ್ಕು ದಿನ ಅವನು ಐಸು ಒಡೆಯುತ್ತಾ ತಾನೇ ಹಾಡಿದ. ನಮ್ಮ ಕಷ್ಟ ಕೇಳೋರ್ಯಾರು!

ಹಾಗಂತ ಬಾಡಿಗೆ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕಾರ್ಡಿನ ಕಾಲದಲ್ಲಿ 'ಬಯಲುದಾರಿ' ನನಗೆ ಸಿಗುತ್ತಲೇ ಇರಲಿಲ್ಲ. ಅಂಗಡಿಯವನು ಅದನ್ನು ಇಟ್ಟಿರಲಿಲ್ಲ, ನಾನು ಕೇಳುತ್ತಲೂ ಇರಲಿಲ್ಲ. ಹುಡುಕಲಿಕ್ಕೆ ಇದರಷ್ಟು ದೊಡ್ಡ ಕಡಲು ಇನ್ನೊಂದಿಲ್ಲ. ಆದರೆ ಜೀವಕ್ಕೆ ಹತ್ತಿರದ ನಾಲ್ಕು ಹಾಡು ಯಾರಿಗಾದರೂ ಇದ್ದರೆ, ಅವನ್ನು ಸ್ವಂತಕ್ಕೆ ಒಂದು ಕಡೆ ಇಟ್ಟುಕೊಳ್ಳಿ: ಹಳೇ ಕ್ಯಾಸೆಟ್ಟೋ, ಸಿಡಿಯೋ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಗುಜರಿಯವನಿಗೆ ಹಾಕುವ ಮೊದಲು ಒಮ್ಮೆ ಬಗ್ಗಿ ನೋಡಿ.

ಮಾಮ ಏನು ಮಾಡಿದರು ಅಂತೀರಾ? ಅವರ ಮಗಳು ಕುಮಟಾದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳಿಂದ ಒಂದು ಸ್ಮಾರ್ಟ್ ಮೊಬೈಲ್ ತರಿಸಿ, ಆ್ಯಪ್ ಹಾಕಿಸಿ, ತಿಂಗಳ ದುಡ್ಡನ್ನೂ ಅವಳಿಂದಲೇ ಕಟ್ಟಿಸುತ್ತಾರೆ. ಅದರಲ್ಲಿ ಇಳಿಸಿದ್ದು ಒಂದೇ ಆಲ್ಬಂ! ಒಂದು ಚಿತ್ರಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಗಿರಾಕಿ ಇಡೀ ಕರಾವಳಿಯಲ್ಲಿ ಅವರೊಬ್ಬರೇ ಇರಬೇಕು. "ದುಬಾರಿ ಆಗ್ಲಿಲ್ವಾ ಮಾಮ?" ಅಂದೆ. "ಒಂದು ಹೊತ್ತಿನ ಮೀನಿನ ಸಾರಿಗೆ ಎಷ್ಟಾಗ್ತದೆ, ಲೆಕ್ಕ ಹಾಕು" ಅಂದರು.

ಈಗ ಬೋಟು ಕಟ್ಟಿಹಾಕಿದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಹೊರಗೆ ಮಳೆ, ಒಳಗೆ ನಾನು ಹಾಡು ಹುಡುಕುತ್ತಾ ಕೂತಿದ್ದೇನೆ. ಮೊನ್ನೆ ಮಾಮ ಫೋನ್ ಮಾಡಿ ಇನ್ನೊಂದು ರಾಗ ಗುನುಗಿದರು. ಇದೂ ಅಣ್ಣನದ್ದೇ ಅಂತೆ. ಹೆಂಗಸಿನ ದನಿ, ಶುರುವಿನಲ್ಲಿ ಕೊಳಲು, ಜೋಗುಳದ ಹಾಗೆ ನಿಧಾನ, ನಡುವೆ ಒಂದು ಕಡೆ ಮಾತಿಲ್ಲದೆ ಬರೀ ಗುನುಗುವುದೇ ಇದೆ. ಕಪ್ಪು-ಬಿಳುಪು ಚಿತ್ರ ಇರಬೇಕು, ರೇಡಿಯೋದಲ್ಲಿ ಕೇಳಿದ್ದು. ವಿಜಯಭಾಸ್ಕರ್ ಸಂಗೀತದ ಚಿತ್ರಗಳನ್ನು ಮುಗಿಸಿ ಈಗ ಜಿ.ಕೆ. ವೆಂಕಟೇಶ್ ಅವರ ಪಟ್ಟಿಯಲ್ಲಿ ಅರ್ಧಕ್ಕೆ ಬಂದಿದ್ದೇನೆ, ಇನ್ನೂ ಸಿಕ್ಕಿಲ್ಲ. ಓದುಗರಲ್ಲಿ ಹಳೆಯ ಹಾಡಿನ ಪಂಡಿತರು ಬಹಳ ಮಂದಿ ಇದ್ದೀರಿ. ಗುರುತು ಹತ್ತಿದವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಆಗಸ್ಟ್ ಒಂದಕ್ಕೆ ನಮ್ಮ ಬೋಟು ಹೊರಡುತ್ತದೆ.