ಕಟ್ಟಿಯಾಗಿದೆ ಎಂಬ ವಾದ

ಲಖನೌದ ಅಮೀನಾಬಾದ್ ಬಜಾರು. ಭುಜ ಓರೆ ಮಾಡಿಕೊಂಡು ಜನರ ನಡುವೆ ನುಗ್ಗುತ್ತಿದ್ದೀರಿ. ಮೂಗಿಗೆ ಕಬಾಬಿನ ಹೊಗೆ, ಕಿವಿಯ ಪಕ್ಕದಲ್ಲೇ ಸೈಕಲ್ ರಿಕ್ಷಾದ ಗಂಟೆ. ಈ ಇಕ್ಕಟ್ಟಿನಲ್ಲಿ ಉಸಿರಾಡಲು ಇದ್ದದ್ದು ಝಂಡೇವಾಲಾ ಪಾರ್ಕ್. ಸ್ವಾತಂತ್ರ್ಯ ಹೋರಾಟದ ಸಭೆಗಳು ಸೇರುತ್ತಿದ್ದ ಜಾಗ. ಅಲ್ಲಿಗೆ ಬಂದು ನಿಲ್ಲುತ್ತೀರಿ. ಹುಲ್ಲಿಲ್ಲ. ನೆಲ ಬಾಯಿ ತೆರೆದಿದೆ. ಆಳದಿಂದ ಹಸಿ ಸಿಮೆಂಟಿನ ವಾಸನೆ ಏರುತ್ತಿದೆ, ಹಲ್ಲಿನ ಸಂದಿಯಲ್ಲಿ ಮಣ್ಣು ಕರಕರ ಎನ್ನುತ್ತಿದೆ.

ಅಲ್ಲಿ ಏಳುತ್ತಿರುವುದು ನೆಲದಡಿಯ ಶಾಪಿಂಗ್ ಕಾಂಪ್ಲೆಕ್ಸ್. 1993ರ ನವೆಂಬರ್ 4ರಂದು ಮಹಾಪಾಲಿಕೆ ಎಂ.ಐ. ಬಿಲ್ಡರ್ಸ್ ಜೊತೆ ಒಪ್ಪಂದ ಮಾಡಿಕೊಂಡಿದೆ, ಟೆಂಡರ್ ಕರೆಯದೆ. ನಾಗರಿಕರು ಹೈಕೋರ್ಟಿಗೆ ಹೋಗುತ್ತಾರೆ. 1994ರ ಆಗಸ್ಟಿನಲ್ಲಿ ಒಪ್ಪಂದ ರದ್ದಾಗುತ್ತದೆ. ಬಿಲ್ಡರ್ ಸುಪ್ರೀಂ ಕೋರ್ಟಿನ ಕದ ತಟ್ಟುತ್ತಾರೆ.

ಈಗ ಒಂದು ಗಳಿಗೆ ಬಿಲ್ಡರ್ ಕುರ್ಚಿಯಲ್ಲಿ ಕೂತು ನೋಡಿ. ಮೇಜಿನ ಮೇಲೆ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಪ್ರತಿ ಇದೆ. ಕಟ್ಟಬಹುದು, ಆದರೆ ಹೊಣೆ ನಿಮ್ಮದೇ. ಕೇಸು ಸೋತರೆ ಇಷ್ಟು ಹಣ ಹಾಕಿದ್ದೇನೆ ಎಂದು ಕನಿಕರ ಬೇಡುವಂತಿಲ್ಲ. ಅಂಗೈ ಬೆವರುತ್ತದೆ. ನಿಲ್ಲಿಸಿದರೆ ಹಾಕಿದ ದುಡ್ಡು ಗುಂಡಿಯಲ್ಲೇ ಉಳಿಯುತ್ತದೆ. ಮುಂದುವರಿದರೆ? ಎದ್ದು ನಿಂತ ಕಟ್ಟಡವನ್ನು ಯಾವ ನ್ಯಾಯಾಧೀಶರು ತಾನೆ ಕೆಡವಿಸುತ್ತಾರೆ? ಆ ಆದೇಶದ ಬಲದ ಮೇಲೆಯೇ ನಕ್ಷೆ ಮಂಜೂರಾಗುತ್ತದೆ. ಅಭಿವೃದ್ಧಿ ಪ್ರಾಧಿಕಾರದ ನಿರಾಕ್ಷೇಪಣೆಯೂ ಕೈಸೇರುತ್ತದೆ. ಕಂಬ ಏಳುತ್ತದೆ, ಛಾವಣಿ ಕೂರುತ್ತದೆ, ಬಹುಪಾಲು ಕೆಲಸ ಮುಗಿದೇಬಿಡುತ್ತದೆ.

1999ರ ಜುಲೈ 26, ದೆಹಲಿ. ಬಿಲ್ಡರ್ ಕುರ್ಚಿ ಬಿಟ್ಟು ಮತ್ತೆ ನಾಗರಿಕರಾಗಿ, ಕೋರ್ಟ್ ಹಾಲಿನ ಹಿಂದಿನ ಸಾಲಿನಲ್ಲಿ, ಕಪ್ಪು ಕೋಟುಗಳ ನಡುವೆ ಒತ್ತಿಕೊಂಡು ನಿಂತಿದ್ದೀರಿ. ಅಂಗಿ ಬೆನ್ನಿಗೆ ಅಂಟಿದೆ. ಮೊದಲು ಬಿಲ್ಡರ್ ಪರ ಇದ್ದ ಮಹಾಪಾಲಿಕೆ ಈ ಹೊತ್ತಿಗೆ ಎದುರು ಪಾಳಯಕ್ಕೆ ಸರಿದಿದೆ. ಆದರೂ ಭಯ ಬಿಟ್ಟಿಲ್ಲ. ಕಟ್ಟಡ ಒಳ್ಳೆಯ ದರ್ಜೆಯದು ಎಂದು ನ್ಯಾಯಾಲಯವೇ ಒಪ್ಪುತ್ತದೆ. ಎದೆ ಧಸಕ್ಕೆನ್ನುತ್ತದೆ. ಹಾಗಾದರೆ ಉಳಿಯಿತೇ?

ಪೀಠದಲ್ಲಿ ನ್ಯಾಯಮೂರ್ತಿಗಳಾದ ಎಸ್. ಸಗೀರ್ ಅಹ್ಮದ್ ಮತ್ತು ಡಿ.ಪಿ. ವಾಧ್ವಾ. ತೀರ್ಪಿನಲ್ಲಿ ಬೆಂಗಳೂರಿನ ಹೆಸರೂ ಬರುತ್ತದೆ. ರಾಜಮಹಲ್ ವಿಲಾಸ ಬಡಾವಣೆಯ ಪಾರ್ಕ್ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದು ತಪ್ಪೆಂದು 1991ರಲ್ಲೇ ಇದೇ ಕೋರ್ಟ್ ಹೇಳಿತ್ತು. ನೀವು ಉಸಿರು ಬಿಗಿ ಹಿಡಿಯುತ್ತೀರಿ. ಪಾರ್ಕ್ ಜನರದು. ಪಾಲಿಕೆ ಅದರ ಧರ್ಮದರ್ಶಿ ಮಾತ್ರ, ಮಾಲೀಕನಂತೆ ಪರಭಾರೆ ಮಾಡುವಂತಿಲ್ಲ. ಕಾನೂನು ಮೀರಿ ಕಟ್ಟಿದವರಿಗೆ ಕನಿಕರವಿಲ್ಲ. ಕಾಂಪ್ಲೆಕ್ಸಿನ ಒಂದು, ಎರಡು, ನಾಲ್ಕನೇ ಬ್ಲಾಕು ಕೆಡವಿ. ಪಾರ್ಕ್ ಮರಳಿಸಿ. ಮೂರನೆಯದು ವಾಹನ ನಿಲುಗಡೆಗೆ.

ಬಿಗಿದಿದ್ದ ಭುಜ ಸಡಿಲಾಗುತ್ತದೆ. ಕೆಡವುವುದೆಂದರೆ ಎಷ್ಟೋ ಜನರ ದುಡಿಮೆ, ಎಷ್ಟೋ ಸಿಮೆಂಟು ಮಣ್ಣುಪಾಲು. ಆ ಸಂಕಟ ನಿಮಗೂ ತಟ್ಟುತ್ತದೆ. ಆದರೆ ಕಟ್ಟಿಯಾಗಿದೆ ಎಂಬ ವಾದ ಇಲ್ಲಿ ಗೆದ್ದಿದ್ದರೆ, ಬೇಗ ಬೇಗ ಕಾಂಕ್ರೀಟ್ ಸುರಿಯಬಲ್ಲವನ ಕೈಗೆ ಊರೂರಿನ ಪಾರ್ಕೂ ಸೇರುತ್ತಿತ್ತು. ಇಲಾಖೆಯ ಮೊಹರು ಬಿದ್ದ ಮಾತ್ರಕ್ಕೆ ತಪ್ಪು ಸಕ್ರಮವಾಗುವುದಿಲ್ಲ. ನಿಮ್ಮ ಬೀದಿಯ ಪಾರ್ಕಿನ ಸುತ್ತ ತಗಡಿನ ಬೇಲಿ ಎದ್ದ ದಿನವೇ ಮಂಜೂರಾತಿಯ ಪ್ರತಿ ಕೇಳಿ. ಮೊದಲ ಕಂಬ ಏಳುವ ತನಕ ಕಾಯಬೇಡಿ.