ಕಡೆಯ ಪಂದ್ಯದ ಲೆಕ್ಕ

ಒಂದೇ ಸಮನೆ 32 ಪಂದ್ಯಗಳನ್ನು ಗೆದ್ದವರು 33ನೆಯದಕ್ಕೆ ಅಂಜಬೇಕೋ? ಅಂಜಲೇಬೇಕೆಂದು, ಇಂಗ್ಲೆಂಡಿನಲ್ಲಿ ದಾದಿಯಾಗಿ ನೆಲೆಸಿ ಅಲ್ಲಿಯ ಪ್ರಜೆಯೇ ಆಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಕಾಗದ ಬರೆದಿದ್ದಳು. 2025ನೆಯ ಸೆಪ್ಟೆಂಬರ್ 27ರಂದು ಟ್ವಿಕೆನ್‌ಹ್ಯಾಮಿನಲ್ಲಿ ಸ್ತ್ರೀಯರ ರಗ್ಬಿ ವಿಶ್ವಕಪ್ಪಿನ ಕಡೆಯ ಪಂದ್ಯ, ಎದುರಾಳಿ ಕೆನಡಾ.

ಅವಳ ಭಯವು ನಿರಾಧಾರವಾದುದಲ್ಲ. 2022ರಲ್ಲಿಯೂ ಇಂಗ್ಲೆಂಡಿನವರು 30 ಪಂದ್ಯಗಳನ್ನು ಸಾಲಾಗಿ ಗೆದ್ದೇ ಆಕ್ಲೆಂಡಿನ ಕಡೆಯ ಪಂದ್ಯಕ್ಕೆ ಇಳಿದಿದ್ದರು. 18ನೆಯ ನಿಮಿಷದಲ್ಲಿ ಒಬ್ಬಳು ಕೆಂಪು ಕಾರ್ಡು ಪಡೆದು ಹೊರಬೀಳಲು, ಉಳಿದ 14 ಮಂದಿ ಕಡೇತನಕ ಹೋರಾಡಿ ನ್ಯೂಜಿಲೆಂಡಿಗೆ 31–34ರಿಂದ ಸೋತರು. ಆ ಮೂರಂಕವನ್ನು ಅವಳು ಮರೆತವಳಲ್ಲ.

ಕೆನಡದವರೋ, ಖರ್ಚಿಗೆ ಸಾಲದೆ ಜನರಿಂದ ಚಂದಾ ಎತ್ತಿಕೊಂಡು ಬಂದವರು. ಉಪಾಂತ್ಯದಲ್ಲಿ, ಆರು ಸಾರಿ ಕಪ್ಪು ಗೆದ್ದ ನ್ಯೂಜಿಲೆಂಡನ್ನೇ 34–19ರಿಂದ ಕೆಡವಿದ್ದರು. ಚಂದಾ ಎತ್ತುವ ಕಷ್ಟವನ್ನು ಬಲ್ಲ ನನಗೆ ಅವರ ಕಡೆಗೇ ಒಳಗೊಳಗೆ ಒಲವಿತ್ತೆಂದು ಹೇಳಿದರೆ ತಪ್ಪಾಗದು.

‘ಸ್ಕ್ರಮ್ಮಿನಲ್ಲಿ ನಮ್ಮವರೇ ಬಲಿಷ್ಠರು, ಅಮ್ಮನವರೇ, 15 ಮಂದಿಯೂ ಮೈದಾನದಲ್ಲಿ ಉಳಿದರೆ ಐದಂಕದಿಂದ ಗೆಲ್ಲುವೆವು’ ಎಂಬದೇ ಅವಳ ತೀರ್ಮಾನ. ಲೆಕ್ಕದ ಪರೀಕ್ಷೆಯಲ್ಲಿ ಇಷ್ಟು ಎಚ್ಚರಿಕೆಯನ್ನು ನಾನು ಅವಳಲ್ಲಿ ಕಂಡಿರಲಿಲ್ಲ. ಕಾಗದವು ನನ್ನ ಕೈಸೇರುವಷ್ಟರಲ್ಲಿ, 81,885 ಪ್ರೇಕ್ಷಕರ ಮುಂದೆ ಇಂಗ್ಲೆಂಡು 33–13ರಿಂದ ಗೆದ್ದಾಗಿತ್ತು.